ಬಾಯಮ್ಮನ ಟಾರ್ಚು

ಬಾಯಮ್ಮನ ಬಲ ಮೊಣಕೈ ಯಾವಾಗಲೂ ಸೊಂಟಕ್ಕೆ ಒತ್ತಿಕೊಂಡಿರುತ್ತಿತ್ತು. ಮುಂಗೈ ಮಾತ್ರ ಮುಂದಕ್ಕೆ ಚಾಚಿ, ಮುಷ್ಟಿ ಅರ್ಧ ಮುಚ್ಚಿ, ಮಣಿಕಟ್ಟು ತುಸು ಕೆಳಗೆ ಬಾಗಿರುತ್ತಿತ್ತು. ಲಿಫ್ಟಿಗೆ ಕಾಯುವಾಗಲೂ ಹಾಗೆಯೇ, ತಾವು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಕೌಂಟರಿನಲ್ಲಿ ನಿಂತಾಗಲೂ ಹಾಗೆಯೇ. ಮೊದಲ ಸಲ ನೋಡಿದವರು ಕೈ ಮುರಿದು ಸರಿಯಾಗಿ ಕೂಡಲಿಲ್ಲವೇನೋ ಅಂದುಕೊಳ್ಳುತ್ತಿದ್ದರು. ನನ್ನ ಹೆಂಡತಿ ಒಂದು ದಿನ ಕೇಳಿಯೇ ಬಿಟ್ಟಳು.

"ಪೆಟ್ಟೂ ಇಲ್ಲ ಎಂತದೂ ಇಲ್ಲ ಮಗಳೇ. ಟಾರ್ಚ್ ಹಿಡಿದು ಹಿಡಿದು ಕೈ ಹಾಗೇ ನಿಂತು ಹೋಗಿದೆ" ಎಂದು ನಕ್ಕರು.

ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ಅವರದ್ದು ನಮ್ಮ ಮೇಲಿನ ಮನೆ. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಬಾಯಮ್ಮ ಎಂದು, ಗಂಡಸರನ್ನು ಪೊರ್ಬು ಎಂದು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನನ್ನ ಹೆಂಡತಿ ಭದ್ರಾವತಿಯವಳಾದ್ದರಿಂದ ಅವಳಿಗೆ ಎರಡೂ ಬಾರದು. ಹಾಗಾಗಿ ಮೂವರ ನಡುವೆ ಕನ್ನಡವೇ ನಡೆಯುತ್ತಿತ್ತು.

ಬಾಯಮ್ಮನ ಗಂಡ ಪೊರ್ಬುಗಳನ್ನು ನಾನು ನೋಡಿದವನಲ್ಲ. ನಾವು ಆ ಕಟ್ಟಡಕ್ಕೆ ಬರುವ ಮೊದಲೇ ಅವರು ಒಂದು ಮಧ್ಯಾಹ್ನ ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು. ಹಗಲು ಯಾವುದೋ ಟ್ರೇಡಿಂಗ್ ಕಂಪನಿಯ ಲೆಕ್ಕ ಬರೆಯುತ್ತಿದ್ದರಂತೆ. ಸಂಜೆಯಾದರೆ ಸುತ್ತಮುತ್ತಲಿನ ನಮ್ಮವರ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವುದೇ ಅವರ ಹುಚ್ಚು. ಡಬ್ಬದ ಒಳಗೆ ಕತ್ತಲು, ಅವರ ಕಣ್ಣು ಅಷ್ಟಕ್ಕಷ್ಟೆ. ಹಾಗಾಗಿ ಹೋದಲ್ಲೆಲ್ಲ ಪಕ್ಕದಲ್ಲಿ ಹೆಂಡತಿ ಟಾರ್ಚು ಹಿಡಿದು ನಿಲ್ಲಬೇಕಿತ್ತು. ಮದುವೆಯಾದ ಹೊಸತರಲ್ಲಿ ಊರಿನಿಂದ ತಂದ, ಎರಡು ಸೆಲ್ಲಿನ, ಗೀರು ಗೀರಿನ ಸ್ಟೀಲ್ ಟಾರ್ಚು ಅದು. ಮಕ್ಕಳಿಲ್ಲದ ಆ ದಂಪತಿಗೆ ಅದೇ ಸಂಸಾರ, ಅದೇ ಸಿನಿಮಾ, ಅದೇ ಜಗಳ.

ಜಗಳವೆಂದರೆ ಬೈಯುವವರು ಒಬ್ಬರೇ. ಬಾಯಮ್ಮ ಆ ಬೈಗುಳಗಳನ್ನೆಲ್ಲ ಗಂಡನ ದನಿಯಲ್ಲೇ ಒಪ್ಪಿಸುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ. ಒಮ್ಮೆ ಸತ್ತ ಸೆಲ್ಲು ಹಾಕಿಕೊಂಡು ಯಾರದೋ ಮನೆಗೆ ಹೋಗಿದ್ದರಂತೆ. "ಸೆಲ್ಲು ನೋಡ್ಕೊಂಡು ಬರ್ಲಿಕ್ಕೆ ಆಗುದಿಲ್ವಾ? ಕಣ್ಣು ಎಲ್ಲಿ ಉಂಟು ನಿಂದು?" ಎಂದು ಎಲ್ಲರ ಎದುರೇ ಗದರಿದರಂತೆ. ಇದನ್ನು ಹೇಳುವಾಗ ಬಾಯಮ್ಮನ ಮುಖ ನೋಡಬೇಕಿತ್ತು. ಬೇರೆ ಹೆಂಗಸರು ಗಂಡ ಕೊಡಿಸಿದ ಬಳೆ ತೋರಿಸುವಾಗ ಅಷ್ಟು ಬೀಗುವುದಿಲ್ಲ.

ಪ್ರೊಸೆಸರ್ ಕೂರಿಸುವಾಗ ಪೊರ್ಬುಗಳು ಹೇಳುತ್ತಿದ್ದ ಮಾತೊಂದಿತ್ತು. "ಕೂತ್ರೆ ತಾನಾಗಿ ಕೂರ್ಬೇಕು. ಒತ್ತಿ ಕೂರಿಸಿದ್ದು ನಿಲ್ಲುದಿಲ್ಲ." ಬಾಯಮ್ಮ ಇದನ್ನು ಲೋಕಕ್ಕೆಲ್ಲ ಅನ್ವಯಿಸಿಬಿಟ್ಟಿದ್ದರು. ಹುಡುಗಿ ಒಪ್ಪದ ಸಂಬಂಧಕ್ಕೂ ಅದೇ ಮಾತು, ಮಾರ್ಕು ಸಾಲದಿದ್ದರೂ ಹಟ ಮಾಡಿ ಶಾಲೆಗೆ ಸೇರಿಸಿದ ಮಗುವಿಗೂ ಅದೇ ಮಾತು. ತುಂಬಿ ತುಳುಕುವ ಸೂಟ್‌ಕೇಸಿನ ಮೇಲೆ ನಾನು ಕೂತು ಜಿಪ್ ಎಳೆಯುತ್ತಿದ್ದಾಗಲೂ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದರು. ಜಿಪ್ ಕಿತ್ತುಬಂತು.

ಪೊರ್ಬುಗಳು ಹೋದ ಮೇಲೂ ಜನ ಹಳೆಯ ರೂಢಿಯಲ್ಲಿ ಬಂದು ಬಾಯಮ್ಮನ ಬಾಗಿಲು ತಟ್ಟುತ್ತಿದ್ದರು. ಅವರು ಟಾರ್ಚು ಹಿಡಿದು ಹೋಗುತ್ತಿದ್ದರು. ಬೆಳಕು ಬಿಟ್ಟು ನಿಂತು, ಈಗ ಇದು ಬಿಚ್ಚು, ಈಗ ಅದು ಒರೆಸು ಎಂದು ಹೇಳುತ್ತಿದ್ದರು. ಸ್ವತಃ ಒಂದು ಸ್ಕ್ರೂ ಮುಟ್ಟುತ್ತಿರಲಿಲ್ಲ. "ಕೈ ಹಾಕುದು ಅವರ ಕೆಲಸ. ನನ್ನದು ಬೆಳಕು" ಎನ್ನುತ್ತಿದ್ದರು. ಕೆಲಸ ಮುಗಿದು ಮೆಟ್ಟಿಲು ಹತ್ತುವಾಗ ಒಮ್ಮೊಮ್ಮೆ ಅವರ ಬಾಯಿಂದ ಇನ್ನೊಂದು ಮಾತೂ ಬರುತ್ತಿತ್ತು. "ಅಲ್ಲಿ ಮೇಲೂ ಅವರು ಎಂತದಾದ್ರೂ ಬಿಚ್ಚಿ ಕೂತಿರ್ತಾರೆ, ನಂಗೆ ಗೊತ್ತುಂಟು. ಯಾರು ಹಿಡಿತಾರೋ ಅವರಿಗೆ ಟಾರ್ಚು!"

ಆ ಕಾಲದ ನನ್ನ ಅವಸ್ಥೆ ಯಾರಿಗೂ ಬೇಡ. ಏಷ್ಯನ್ ಗೇಮ್ಸ್ ಮುಗಿದಿತ್ತು, ದಾರಿಬದಿಯ ಬಾವುಟಗಳು ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಿದ್ದವು. ನಾನು ಡ್ರಾಫ್ಟ್ಸ್‌ಮನ್ ಆಗಿದ್ದ ಕಂಪನಿ ಕೆಲಸ ಮುಗಿಯಿತೆಂದು ಬಾಗಿಲು ಹಾಕಿತು. ತಿಂಗಳು ಮುಗಿಯುವುದರೊಳಗೆ ಬೇರೆ ಯಾರಾದರೂ ನನ್ನನ್ನು ತೆಗೆದುಕೊಳ್ಳದಿದ್ದರೆ ವೀಸಾ ರದ್ದು. ನನ್ನ ವೀಸಾ ಹೋದರೆ ಹೆಂಡತಿಯದ್ದೂ ಹೋಗುತ್ತದೆ. ಅವಳಿಗೆ ಆಗ ಆರು ತಿಂಗಳು. ಮೊದಲಿನ ಎರಡು ಸಲ ನಿಂತಿರಲಿಲ್ಲ. ಈ ಸಲ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು. ವಿಮಾನದ ಮಾತೆತ್ತಿದ್ದಕ್ಕೆ ಕನ್ನಡಕ ತೆಗೆದು, "ಮಗು ಬೇಕೋ ಬೇಡವೋ?" ಎಂದು ನನ್ನನ್ನೇ ಕೇಳಿದ್ದರು.

ಅಲೆದು ಅಲೆದು ಕೊನೆಗೆ ಒಂದು ಕನ್ಸಲ್ಟೆಂಟ್ ಆಫೀಸಿನ ಈಜಿಪ್ಟಿನ ಇಂಜಿನಿಯರು ಒಪ್ಪಿದರು. ಉಮ್ಮ್ ಸಲಾಲ್ ಕಡೆಯ ಒಂದು ವಿಲ್ಲಾದ ವಿದ್ಯುತ್ ಡ್ರಾಯಿಂಗುಗಳನ್ನು ಕೈಗಿತ್ತು, ಶನಿವಾರ ಬೆಳಿಗ್ಗೆ ಮುಗಿಸಿ ತಂದರೆ ಕೆಲಸ ನಿನ್ನದು, ಇಲ್ಲದಿದ್ದರೆ ಖಲಾಸ್, ಬೇರೆಯವನು ಕಾಯುತ್ತಿದ್ದಾನೆ ಎಂದರು. ನಾನು ಮನೆಯ ಕಂಪ್ಯೂಟರಿನಲ್ಲಿ ಕೂತು ಗುದ್ದಾಡಿ ಹೆಚ್ಚುಕಡಿಮೆ ಮುಗಿಸುತ್ತ ಬಂದಿದ್ದೆ. ಗುರುವಾರ ಮಧ್ಯಾಹ್ನ ಡಬ್ಬದಿಂದ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

ಮದರ್‌ಬೋರ್ಡ್ ಸತ್ತಿತ್ತು. ಅಂಗಡಿಗೆ ಓಡಿದೆ. ಹಳೆಯ ಮಾದರಿ ಈಗ ಬರುವುದಿಲ್ಲ, ಬೋರ್ಡು ಹೊಸದಾದರೆ ಪ್ರೊಸೆಸರೂ ಹೊಸದೇ ಬೇಕು, ಮೆಮೊರಿಯೂ ಬೇಕು ಎಂದು ಅಂಗಡಿಯವನು ಎಲ್ಲವನ್ನೂ ಕಟ್ಟಿಕೊಟ್ಟ. ಜೋಡಿಸಿಕೊಡುವವನು ಮಾತ್ರ ಶನಿವಾರ ಸಂಜೆ ಬರುತ್ತಾನಂತೆ. ಗುರುತಿನವರ ಆಫೀಸುಗಳಿಗೆಲ್ಲ ಶುಕ್ರವಾರ ಬೀಗ. ಡ್ರಾಯಿಂಗಿನ ಸಾಫ್ಟ್‌ವೇರ್ ಓಡುವಂಥ ಕಂಪ್ಯೂಟರು ನಮ್ಮ ಕಟ್ಟಡದಲ್ಲಿ ನನ್ನದೊಂದೇ. ಬಾಯಮ್ಮನ ಬಾಗಿಲು ತಟ್ಟಿದೆ.

ಮಾರನೆಯ ದಿನ ಅವರು ತಮ್ಮವರ ಶುಕ್ರವಾರದ ಬಲಿಪೂಜೆ ಮುಗಿಸಿ ನೇರ ನಮ್ಮಲ್ಲಿಗೇ ಬಂದರು. ನೇರಳೆ ರೇಷ್ಮೆ ಸೀರೆ, ಒಂದು ಕೈಯಲ್ಲಿ ಪ್ರಾರ್ಥನೆಯ ಪುಸ್ತಕ, ಇನ್ನೊಂದರಲ್ಲಿ ಟಾರ್ಚು. ಬಂದವರೇ ಮೊದಲು ಕಾರ್ಪೆಟ್ ಸುತ್ತಿಸಿದರು. ಅಲ್ಲಿಯ ಚಳಿಗಾಲದ ಒಣ ಹವೆಯಲ್ಲಿ ಕಾರ್ಪೆಟ್ ತುಳಿದು ಬಾಗಿಲ ಹಿಡಿ ಮುಟ್ಟಿದರೆ ಚುರ್ ಎನ್ನುತ್ತದೆ. ಆ ಚುರುಕಿಗೆ ಬೋರ್ಡು ಸಾಯುತ್ತದಂತೆ.

"ಬರಿಗಾಲಲ್ಲಿ ನಿಲ್ಲು ಪುತಾ. ಮೊದ್ಲು ಡಬ್ಬದ ತಗಡು ಮುಟ್ಟು. ಮುಟ್ಟಿದ್ಯಾ? ಇನ್ನೊಮ್ಮೆ ಮುಟ್ಟು."

ಪುತಾ ಎಂದರೆ ಮಗನೇ. ಸಿಟ್ಟಿರಲಿ ಪ್ರೀತಿಯಿರಲಿ ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

ಹಳೆಯ ಬೋರ್ಡು ಬಿಚ್ಚಿ ತೆಗೆದೆ. ಹೊಸದು ತಗಡಿಗೆ ತಾಗದಂತೆ ಕೆಳಗೆ ಹಿತ್ತಾಳೆಯ ಪುಟ್ಟ ಕಾಲುಗಳನ್ನು ತಿರುಪಿ ಕೂರಿಸಿದೆ. ಒಂದನ್ನು ತಪ್ಪು ತೂತಿಗೆ ಹಾಕಿದ್ದೆ. "ಕಣ್ಣು ಎಲ್ಲಿ ಉಂಟು ನಿಂದು?" ಎಂಬ ಗಡಸು ದನಿ ಬಂತು, ನಾನು ಬೆಚ್ಚಿಬಿದ್ದೆ. "ನಿಂಗಲ್ಲ ಪುತಾ, ಅದು ಅವರು ಹೇಳ್ತಾ ಇದ್ದದ್ದು" ಎಂದು ಬಾಯಮ್ಮ ಸಮಾಧಾನ ಮಾಡಿದರು. ಒಳಗಿನ ಕೋಣೆಯಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಅವಳು ನಕ್ಕು ವಾರಗಳೇ ಆಗಿದ್ದವು.

"ಇನ್ನು ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆ ಮೇಲೆ ಇಡು. ಪ್ರೊಸೆಸರ್ ಹೊರಗೇ ಕೂರಿಸ್ಬೇಕು. ತೆಗಿ ಅದನ್ನು. ಅಂಚಲ್ಲಿ ಹಿಡಿ. ಕಾಲು ಮುಟ್ಬೇಡ."

ಪೊಟ್ಟಣ ಬಿಡಿಸಿ ಅಂಚಿನಲ್ಲಿ ಹಿಡಿದು ಮಗುಚಿದೆ. ಟಾರ್ಚಿನ ಬೆಳಕು ಅದರ ಮೇಲೆ ಬಿತ್ತು. ಹಳೆಯ ಪ್ರೊಸೆಸರಿನ ಅಡಿಯಲ್ಲಿ ಕೂದಲಿನಂಥ ಸಣ್ಣ ಕಾಲುಗಳು ನೂರಾರು ಇದ್ದವು. ಇದರಲ್ಲಿ ಒಂದೂ ಇಲ್ಲ. ನುಣ್ಣನೆಯ ತಗಡು, ಅದರ ಮೇಲೆ ಚಿನ್ನದ ಬಣ್ಣದ ಚುಕ್ಕೆಗಳು ಮಾತ್ರ.

ಬಾಯಮ್ಮನ ಬೆಳಕು ಅಲುಗಿತು. ಅದು ಅಲುಗಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಕಾಲಿಲ್ವಲ್ಲ ಪುತಾ! ಕಾಲು ಕಡಿದು ಹೋದದ್ದು ಕೊಟ್ಟಿದ್ದಾನೆ ನಿಂಗೆ. ಮೋಸ ಮಾಡಿದ್ದಾನೆ."

ನನ್ನ ತಲೆ ಕೆಟ್ಟಿತು. ಅಂಗಡಿಯವನ ಏಳು ತಲೆಮಾರನ್ನೂ ತುಳುವಿನಲ್ಲಿ ಸ್ಮರಿಸಿದೆ. ಫೋನು ಮಾಡಿದರೆ ಎತ್ತುವವರಿಲ್ಲ. ಪ್ರೊಸೆಸರನ್ನು ಪೊಟ್ಟಣದಲ್ಲಿಟ್ಟು, ಚಪ್ಪಲಿ ಹಾಕುವುದನ್ನೂ ಮರೆತು ಓಡಿದೆ. ಶುಕ್ರವಾರದ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಮಸೀದಿಯ ಮೈಕಿನಲ್ಲಿ ಪ್ರವಚನ ನಡೆಯುತ್ತಿತ್ತು. ಅಂಗಡಿಯ ಶಟರು ಕೆಳಗಿಳಿದಿತ್ತು. ಶನಿವಾರದವರೆಗೆ ಅದು ಏಳುವುದಿಲ್ಲವೆಂದು ದೋಹಾದ ಬೆಕ್ಕುಗಳಿಗೂ ಗೊತ್ತು. ಆದರೂ ನಾನು ಎರಡೂ ಕೈಯಲ್ಲಿ ಬಡಿದೆ. ಅಂಗೈ ಉರಿಯುವವರೆಗೂ ಬಡಿದು, ಮೆಟ್ಟಿಲ ಮೇಲೆ ಕೂತು ಅತ್ತೆ. ಮಂಚದ ಮೇಲೆ ಮಲಗಿದವಳಿಗೆ ಹೋಗಿ ಏನು ಹೇಳುವುದೆಂದು ತೋಚಲಿಲ್ಲ. ಪಾಸ್‌ಪೋರ್ಟಿನ ಮೇಲೆ ಬೀಳುವ ಠಸ್ಸೆಯ ಸದ್ದು, ಆಮೇಲೆ ವಿಮಾನದ ಸೀಟಿನಲ್ಲಿ ಹೊಟ್ಟೆ ಹಿಡಿದು ಕೂತ ಅವಳ ಮುಖ, ಎರಡೂ ಬಿಟ್ಟುಬಿಡದೆ ಕಾಡಿದವು. ನಾನು ದೇವರನ್ನು ಬೇಡಲಿಲ್ಲ. ಬೇಡುವಷ್ಟು ನಂಬಿಕೆಯೂ ಆ ಹೊತ್ತಿಗೆ ಉಳಿದಿರಲಿಲ್ಲ.

ವಾಪಸು ಬಂದಾಗ ಬಾಯಮ್ಮ ನೆಲದ ಮೇಲೆ ಕೂತಿದ್ದರು. ಟಾರ್ಚು ಆರಿತ್ತು. ರೇಷ್ಮೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದರು. ಮಂಚದಿಂದ ಇಳಿಯಬಾರದ ನನ್ನ ಹೆಂಡತಿ ಕೋಣೆಯಿಂದಲೇ, "ರೀ, ಏನಾಯ್ತು ನೋಡಿ, ಆಗ್ಲಿಂದ ಅಳ್ತಿದಾರೆ" ಎಂದು ಕೂಗುತ್ತಿದ್ದಳು.

"ಅವನು ಮೋಸ ಮಾಡ್ಲಿಲ್ಲ ಪುತಾ" ಎಂದರು ಬಾಯಮ್ಮ. "ಇಲ್ಲಿ ನೋಡು."

ಬೋರ್ಡಿನ ನಡುವೆ, ಪ್ರೊಸೆಸರ್ ಕೂರುವ ಜಾಗಕ್ಕೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳವಿತ್ತು. ನಾನು ಅದನ್ನು ನೋಡಿಯೂ ನೋಡಿರಲಿಲ್ಲ. ನಾನು ಹೋದ ಮೇಲೆ ಅದರ ಸಂದಿಯಲ್ಲಿ ಏನೋ ಮಿಂಚಿದ್ದು ಕಂಡು ಅವರೇ ಮುಚ್ಚಳ ಎತ್ತಿದ್ದರು. ಕಾಲುಗಳೆಲ್ಲ ಅಲ್ಲಿದ್ದವು. ಪ್ರೊಸೆಸರಿನಲ್ಲಿ ಇರಬೇಕಾದವು ಬೋರ್ಡಿನಲ್ಲಿ, ಎಳೆ ಗರಿಕೆಯಂತೆ ಒಂದೇ ಕಡೆ ಬಾಗಿ ನಿಂತಿದ್ದವು.

"ಎಲ್ಲ ತಿರುಗಿಸಿ ಹಾಕಿದ್ದಾರೆ. ಇದು ಅವರು ನೋಡ್ಲಿಲ್ಲ ಪುತಾ. ಅವರು ಹೋದ ಮೇಲೆ ಬಂದದ್ದು ಇದು. ಇಲ್ಲಿಂದ ಮುಂದೆ ನಂಗೆ ಹೇಳಿಕೊಡುವವರು ಯಾರೂ ಇಲ್ಲ."

ಇಷ್ಟು ವರ್ಷ ಅವರು ಪ್ರತಿ ಬೋರ್ಡಿನ ಮುಂದೆಯೂ ಗಂಡನ ಮಾತನ್ನು ಆಡುತ್ತ ಆಡುತ್ತ ಗಂಡನನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದರು. ಆ ಮಾತು ನಮ್ಮ ಮನೆಯ ನೆಲದ ಮೇಲೆ, ಆ ಕಪ್ಪು ಮುಚ್ಚಳದ ಅಡಿಯಲ್ಲಿ ಮುಗಿದುಹೋಗಿತ್ತು. ಆದರೆ ಅವತ್ತು ನನಗೆ ಹೊಳೆದದ್ದು ಅದಲ್ಲ. ಕಾಲುಗಳು ಇವೆ, ಹಾಗಾದರೆ ಇನ್ನೂ ಆಸೆ ಇದೆ ಎಂಬುದಷ್ಟೇ.

ಪ್ರೊಸೆಸರ್ ಎತ್ತಿಕೊಂಡೆ. ನನ್ನ ಕೈ ಎಷ್ಟು ನಡುಗುತ್ತಿತ್ತೆಂದರೆ ಅಂಚೇ ಸಿಗುತ್ತಿರಲಿಲ್ಲ. ಆ ಎಳೆಗಳಲ್ಲಿ ಒಂದು ಬಗ್ಗಿದರೂ ಬೋರ್ಡಿನ ಕತೆ ಮುಗಿಯಿತು.

ಬಾಯಮ್ಮ ಕಣ್ಣೊರೆಸಿಕೊಂಡು ನನ್ನ ಕೈ ನೋಡಿದರು. ಆಮೇಲೆ ಒಳಗಿನ ಕೋಣೆಯ ಬಾಗಿಲು ನೋಡಿದರು. ಎದ್ದು ಡಬ್ಬದ ತಗಡು ಮುಟ್ಟಿದರು, ಇನ್ನೊಮ್ಮೆ ಮುಟ್ಟಿದರು.

"ಅದು ಇಲ್ಲಿ ಕೊಡು. ನೀನು ಇದು ಹಿಡಿ" ಎಂದು ಟಾರ್ಚನ್ನು ನನ್ನ ಕೈಗೆ ಹಾಕಿದರು.

ಅದು ಬೆಚ್ಚಗಿತ್ತು, ಬೆರಳುಗಳು ಕೂರುವಲ್ಲಿ ಗೀರುಗಳು ಸವೆದು ನುಣ್ಣಗಾಗಿದ್ದವು. ನಾನು ಬೆಳಕು ಬಿಟ್ಟೆ. ಬಾಯಮ್ಮ ಬೋರ್ಡಿನ ಮೇಲೆ ಬಾಗಿ ತಮಗೆ ತಾವೇ ಮಾತಾಡಿಕೊಂಡರು.

"ಚಿನ್ನದ ಮೂಲೆ ನೋಡು ಅಂತಿದ್ರು... ಮೂಲೆ ಉಂಟಾ... ಉಂಟು! ನೋಡು ಪುತಾ, ಮೂಲೆ ಉಂಟು!"

ಪ್ರೊಸೆಸರಿನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನವಿತ್ತು. ಅದಕ್ಕೆ ಸರಿಯಾದ ಗುರುತು ಬೋರ್ಡಿನಲ್ಲೂ ಇತ್ತು. ಎಲ್ಲ ತಿರುಗಿಸಿ ಹಾಕಿದವರು ಅದೊಂದನ್ನು ಬಿಟ್ಟಿದ್ದರು. ಮೂಲೆಗೆ ಮೂಲೆ ಹೊಂದಿಸಿ, ಉಸಿರು ಬಿಗಿಹಿಡಿದು ಬಾಯಮ್ಮ ಅದನ್ನು ಇಳಿಸಿದರು. ಅದು ತಾನಾಗಿ ಕೂತಿತು.

ಆದರೆ ಮೇಲಿನ ತಗಡು ಮುಚ್ಚಿ ಪಕ್ಕದ ಸನ್ನೆಕಡ್ಡಿಯನ್ನು ಕೆಳಗೆ ತಂದರೆ ಅದು ಅರ್ಧಕ್ಕೇ ನಿಂತಿತು. ಬಾಯಮ್ಮ ನನ್ನ ಮುಖ ನೋಡಿದರು.

"ಒತ್ತದಿದ್ರೆ ಇದು ಬೀಳುದಿಲ್ಲ. ಒತ್ತಬಾರ್ದು ಅಂತ ಅವರು."

ಹೆಂಡತಿ ಒಳಗಿಂದ, "ಒತ್ತಿ ಬಾಯಮ್ಮ" ಎಂದಳು. ಅವಳಿಗೆ ಏನೂ ಕಾಣುತ್ತಿರಲಿಲ್ಲ, ಏನೂ ಗೊತ್ತೂ ಇರಲಿಲ್ಲ. ಬಾಯಮ್ಮ ಕಣ್ಣು ಮುಚ್ಚಿ, ಕೊಂಕಣಿಯಲ್ಲಿ ಗಂಡನ ಹತ್ತಿರ ಏನೋ ಹೇಳಿ, ಹೆಬ್ಬೆರಳು ಊರಿ ಒತ್ತಿದರು. ಹಪ್ಪಳ ಮುರಿದಂಥ ಸದ್ದು ಬಂತು. ನನ್ನ ಕೈಯ ಬೆಳಕು ಗೋಡೆಗೆ ಹೋಯಿತು.

"ಬೆಳಕು ಎಲ್ಲಿಗೆ ಬಿಡ್ತಿ? ಕಣ್ಣು ಎಲ್ಲಿ ಉಂಟು ನಿಂದು?"

ಈ ಸಲ ಅದು ಪೊರ್ಬುಗಳ ದನಿಯಾಗಿರಲಿಲ್ಲ. ಬಾಯಮ್ಮನದ್ದೇ ಆಗಿತ್ತು.

ಫ್ಯಾನು ಕೂರಿಸಿ, ಮೆಮೊರಿ ಹಾಕಿ, ಬೋರ್ಡನ್ನು ಡಬ್ಬದೊಳಗೆ ಬಿಗಿದು, ವಯರುಗಳನ್ನು ಚುಚ್ಚಿ ಸ್ವಿಚ್ಚು ಒತ್ತಿದೆವು. ಫ್ಯಾನು ತಿರುಗಿತು. ಪರದೆ ಕಪ್ಪು. ಬೋರ್ಡಿಗೆ ಜೀವ ಬಂದರೆ ಒಂದು ಬೀಪ್ ಬರಬೇಕೆಂದು ಬಾಯಮ್ಮ ಹೇಳಿದ್ದರು. ಬರಲಿಲ್ಲ. ಆರಿಸಿ ಹಾಕಿದೆ, ಮತ್ತೆ ಆರಿಸಿ ಹಾಕಿದೆ. ಇಲ್ಲ. ಆ ಸದ್ದಿನಲ್ಲಿ ಮುರಿದದ್ದು ನಿಜವೆಂದು ನನಗೆ ಖಾತ್ರಿಯಾಯಿತು. ಡಬ್ಬಕ್ಕೆ ತಲೆ ಊರಿ, "ಆಯ್ತು ಬಾಯಮ್ಮ, ಬಿಡಿ, ನಮ್ಮ ಹಣೆಬರಹ" ಎಂದೆ.

"ಹಣೆಬರಹ ಆಮೇಲೆ ನೋಡುವ. ನೀನು ಬೆಳಕು ಹಿಡಿ."

ಅವರು ಪ್ಲಗ್ಗು ಕಿತ್ತು, ಡಬ್ಬದೊಳಗೆ ಕೈಯಿಟ್ಟು, ಒಂದೊಂದೇ ವಯರು ಹಿಡಿದು ಅದು ಎಲ್ಲಿಗೆ ಹೋಗುತ್ತದೆಂದು ನೋಡುತ್ತ ಬಂದರು. ಕೊನೆಗೆ ಅವರ ಬೆರಳಿಗೆ ಎಲ್ಲಿಗೂ ಹೋಗದೆ ನೇತಾಡುತ್ತಿದ್ದ ಒಂದು ಸಿಕ್ಕಿತು. ಹಳದಿ, ಕಪ್ಪು ವಯರುಗಳ ನಾಲ್ಕು ತೂತಿನ ಸಣ್ಣ ಪ್ಲಗ್ಗು. ಬಿಚ್ಚುವಾಗ ಕಿತ್ತದ್ದು ನಾನೇ, ಹಾಕಲು ಮರೆತವನೂ ನಾನೇ. ಪ್ರೊಸೆಸರಿನ ಪಕ್ಕದಲ್ಲೇ ಅದಕ್ಕೆ ಜಾಗವಿತ್ತು. ಚುಚ್ಚಿದರು. ನಾನು ಸ್ವಿಚ್ಚು ಒತ್ತಿದೆ.

ಬೀಪ್ ಬಂತು.

ಅಷ್ಟು ಸಣ್ಣ ಸದ್ದಿಗೆ ಮೂವರು ಒಟ್ಟಿಗೆ ಅತ್ತದ್ದನ್ನು ಯಾರಾದರೂ ನೋಡಿದ್ದರೆ ಹುಚ್ಚರೆನ್ನುತ್ತಿದ್ದರು. ಆಮೇಲೆ ವಿಂಡೋಸ್ ಹೊಸದಾಗಿ ಹಾಕಿ, ಸಾಫ್ಟ್‌ವೇರ್ ಹಾಕಿ, ಹಳೆಯ ಹಾರ್ಡ್‌ಡಿಸ್ಕಿನ ಡ್ರಾಯಿಂಗುಗಳನ್ನು ತೆರೆದರೆ ಎಲ್ಲವೂ ಇದ್ದಲ್ಲೇ ಇದ್ದವು. ಶನಿವಾರ ಬೆಳಿಗ್ಗೆ ಕೊಟ್ಟುಬಂದೆ. ಕೆಲಸ ಸಿಕ್ಕಿತು. ಮಗಳು ದೋಹಾದಲ್ಲೇ, ತುಂಬಿದ ತಿಂಗಳಿಗೆ ಹುಟ್ಟಿದಳು. ಅವಳನ್ನು ಮೊದಲು ಎತ್ತಿಕೊಂಡ ಕೈ ಬಾಯಮ್ಮನದ್ದು. ಟಾರ್ಚು ಹಿಡಿಯುವ ಆ ಭಂಗಿಯಲ್ಲಿ ಎಳೆಗೂಸಿನ ತಲೆ ಸರಿಯಾಗಿ ಕೂರುತ್ತಿತ್ತು.

ಆ ಶುಕ್ರವಾರದ ನಂತರ ಬಾಯಮ್ಮ ಬದಲಾದರು. ಯಾರ ಮನೆಯ ಕಂಪ್ಯೂಟರು ಕೆಟ್ಟರೂ ತಾವೇ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದರು, ಟಾರ್ಚನ್ನು ಮನೆಯವರ ಕೈಗೆ ಕೊಡುತ್ತಿದ್ದರು. ಬೆಳಕು ಅಲುಗಿದರೆ ಬೈಗುಳ ಗ್ಯಾರಂಟಿ. ಗಂಡನ ದನಿಯನ್ನು ಮಾತ್ರ ಮತ್ತೆ ಅನುಕರಿಸಲಿಲ್ಲ. ಅದಕ್ಕೆ ನನಗೆ ಸಂತೋಷವಾಗಬೇಕೋ ದುಃಖವಾಗಬೇಕೋ ಇವತ್ತಿಗೂ ತಿಳಿಯದು.

ನನ್ನ ಮಗಳು ತೊದಲು ಮಾತಾಡುವ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ಊರಿಗೆ ಹೋಗಿ ಎಂದರೆ, ಅಲ್ಲಿ ಯಾರಿದ್ದಾರೆ ಎಂದರು. ಅಕ್ಕ ಒಬ್ಬರಿದ್ದರು, ಹಾಸಿಗೆ ಹಿಡಿದವರು. ಎಷ್ಟೋ ಡಾಕ್ಟರುಗಳಿಗೆ ತೋರಿಸಿದೆವು. ನಾನು ಗೋಗರೆದೆ, ಜಗಳವಾಡಿದೆ, ಒಬ್ಬ ಡಾಕ್ಟರ ಮೇಜು ಗುದ್ದಿ ಹೊರಗೆ ಹಾಕಿಸಿಕೊಂಡೆ. ಬಾಯಮ್ಮ ಆಸ್ಪತ್ರೆಯ ಮಂಚದಲ್ಲಿ ಕ್ಷೀಣವಾಗಿ ನಕ್ಕು, "ಒತ್ತಬೇಡ ಪುತಾ" ಎಂದರು. ಆಗಲೂ ಆ ಬಲಗೈ ಹೊದಿಕೆಯ ಮೇಲೆ ಹಾಗೆಯೇ ಇತ್ತು, ಮೊಣಕೈ ಸೊಂಟಕ್ಕೆ, ಮುಷ್ಟಿ ಅರ್ಧ ಮುಚ್ಚಿ.

ಅವರನ್ನು ಊರಿನ ಇಗರ್ಜಿಯ ಅಂಗಳದಲ್ಲಿ, ಪೊರ್ಬುಗಳ ಪಕ್ಕದಲ್ಲೇ ಮಣ್ಣು ಮಾಡುವುದೆಂದಾಯಿತು. ವಿಮಾನಕ್ಕೆ ಕಳಿಸುವ ಮುನ್ನ ಪೆಟ್ಟಿಗೆ ಮುಚ್ಚುವಲ್ಲಿಗೆ ನಾನು ಹೋಗಿದ್ದೆ. ನೇರಳೆ ರೇಷ್ಮೆ ಸೀರೆಯನ್ನೇ ಉಡಿಸಿದ್ದರು. ಆ ಅರ್ಧ ಮುಚ್ಚಿದ ಮುಷ್ಟಿಯೊಳಗೆ ಟಾರ್ಚನ್ನು ಇಟ್ಟೆ. ಸರಿಯಾಗಿ ಕೂತಿತು. ಸೆಲ್ಲು ಹೊಸದು, ನಾನೇ ಬೆಳಿಗ್ಗೆ ಹಾಕಿದ್ದೆ.

ಅಲ್ಲಿದ್ದ ಸಿಬ್ಬಂದಿಯವನು ಅದೇನೆಂದು ಕೇಳಿದ. ತೋರಿಸಿದೆ. ತಲೆ ಅಲ್ಲಾಡಿಸಿ, "ಬ್ಯಾಟರಿ ಮಾಫಿ" ಎಂದ. ಮಾಫಿ ಎಂದರೆ ಇಲ್ಲ, ವಿಮಾನದ ಪೆಟ್ಟಿಗೆಯಲ್ಲಿ ಬ್ಯಾಟರಿ ಕೂಡದಂತೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಬಂದಷ್ಟು ಅರಬಿಯಲ್ಲಿ ಬೇಡಿಕೊಂಡೆ. ಅವನು ಕೆಟ್ಟವನಲ್ಲ, ಅವನ ಕಣ್ಣೂ ಒದ್ದೆಯಾಗಿತ್ತು. ಆದರೆ ನಿಯಮ ನಿಯಮವೇ. ಟಾರ್ಚಿನ ಹಿಂಬದಿ ತಿರುಪಿ, ಎರಡು ಸೆಲ್ಲುಗಳನ್ನು ಅಂಗೈಗೆ ಸುರಿದು ನನಗೆ ಕೊಟ್ಟ. ಖಾಲಿ ಟಾರ್ಚನ್ನು ಬಾಯಮ್ಮನ ಮುಷ್ಟಿಗೆ ಮತ್ತೆ ಅವನೇ ಇಟ್ಟ. ಪೆಟ್ಟಿಗೆ ಮುಚ್ಚಿತು.

ಆ ಸೆಲ್ಲುಗಳು ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿವೆ. ತುಕ್ಕು ಹಿಡಿದು ಬಿಳಿ ಪುಡಿ ಉದುರುತ್ತಿದೆ. ಎಸೆಯಿರಿ ಎಂದು ಹೆಂಡತಿ ಒಮ್ಮೆಯೂ ಹೇಳಿಲ್ಲ. ಅಲ್ಲಿ ಮೇಲೆ ಪೊರ್ಬುಗಳು ಯಾವುದನ್ನೋ ಬಿಚ್ಚಿಟ್ಟುಕೊಂಡು ಇಷ್ಟು ವರ್ಷ ಕತ್ತಲಲ್ಲಿ ಕಾದಿರುತ್ತಾರೆ, ಬಾಯಮ್ಮ ಪಕ್ಕದಲ್ಲಿ ಹೋಗಿ ನಿಂತು ಗುಂಡಿ ಒತ್ತಿರುತ್ತಾರೆ, ಬೆಳಕು ಬಂದಿರುವುದಿಲ್ಲ. "ಸೆಲ್ಲು ನೋಡ್ಕೊಂಡು ಬರ್ಲಿಕ್ಕೆ ಆಗುದಿಲ್ವಾ? ಕಣ್ಣು ಎಲ್ಲಿ ಉಂಟು ನಿಂದು?"

ಪೊರ್ಬುಗಳೇ, ಅವರನ್ನು ಬೈಬೇಡಿ. ಸೆಲ್ಲು ನನ್ನ ಹತ್ತಿರ ಉಂಟು.